ಮನೆಯ ಗಣಕಯಂತ್ರಕ್ಕೆ ಜೋಡಿ ಡಿಸ್ಕು ಬೇಕೇ? – ರೇಡ್ ವ್ಯವಸ್ಥೆಯ ವಿಚಾರ

ಬರೆಯುವುದಕ್ಕಿಂತ ಬರೆದುದನ್ನು ಉಳಿಸಿಕೊಳ್ಳುವುದೇ ಕಷ್ಟವಾದ ಕೆಲಸವೆಂಬುದು ಗ್ರಂಥಸಂಪಾದನೆಯಲ್ಲಿ ತೊಡಗಿದವರೆಲ್ಲರ ಅನುಭವ. ಓಲೆಗರಿಗೆ ಹುಳು ಶತ್ರು, ಕಾಗದಕ್ಕೆ ಗೆದ್ದಲು ಶತ್ರು. ನೀರು ಮತ್ತು ಬೆಂಕಿ ಎರಡಕ್ಕೂ ಶತ್ರುಗಳು. ಈಗ ನಮ್ಮ ಬರಹಗಳು, ಮನೆಯ ಲೆಕ್ಕಪತ್ರಗಳು, ಮಕ್ಕಳ ಮದುವೆಯ ಭಾವಚಿತ್ರಗಳು, ಎಲ್ಲವೂ ಗಣಕಯಂತ್ರದ ಡಿಸ್ಕನ್ನು ಸೇರಿಬಿಟ್ಟಿವೆ. ಡಿಸ್ಕಿಗೆ ಹುಳು ಹಿಡಿಯದು, ಗೆದ್ದಲು ಹತ್ತದು. ಆದರೆ ಅದಕ್ಕೂ ಅದರದೇ ಆದ ಮರಣವುಂಟು. ಆ ಮರಣ ಬಹುಮಟ್ಟಿಗೆ ಹೇಳದೆ ಕೇಳದೆ ಬರುವಂಥದು.

ಈ ಭಯಕ್ಕೆ ಪರಿಹಾರವೆಂದು ಗಣಕಯಂತ್ರ ಬಲ್ಲವರು ಸೂಚಿಸುವ ಏರ್ಪಾಡುಗಳಲ್ಲಿ ‘ರೇಡ್’ ಎಂಬುದೂ ಒಂದು. ಈ ಹೆಸರನ್ನು ಮೊದಲ ಸಲ ಕೇಳಿದಾಗ ತೆರಿಗೆ ಇಲಾಖೆಯವರ ದಾಳಿಯೇ ನನ್ನ ನೆನಪಿಗೆ ಬಂದುದು ನಿಜ. ನಮ್ಮ ಶಾಲೆಯಲ್ಲಿ ಕಲಿತು ಈಗ ಗಣಕಯಂತ್ರದ ವೃತ್ತಿಯಲ್ಲಿರುವ ನನ್ನ ಶಿಷ್ಯನೊಬ್ಬನು ನಕ್ಕು, “ಇದು ದಾಳಿಯಲ್ಲ ಗುರುಗಳೇ, ಡಿಸ್ಕುಗಳ ಸಹಕಾರ ಸಂಘ” ಎಂದು ವಿವರಿಸಿದನು. ಆತನಿಂದ ತಿಳಿದುದು, ಅನಂತರ ಓದಿ ಗ್ರಹಿಸಿದುದು, ಮತ್ತು ಕೈಯಾರೆ ಪಟ್ಟ ಒಂದು ಕಷ್ಟದಿಂದ ಕಲಿತುದು, ಈ ಮೂರನ್ನೂ ಸೇರಿಸಿ, ನನ್ನಂತೆಯೇ ಮನೆಯಲ್ಲಿ ಗಣಕಯಂತ್ರವನ್ನಿಟ್ಟುಕೊಂಡಿರುವ ಅಧ್ಯಾಪಕ ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಇಲ್ಲಿ ನಿರೂಪಿಸುತ್ತಿದ್ದೇನೆ.

ಮೊದಲು ಡಿಸ್ಕಿನ ಸ್ವರೂಪವನ್ನು ತಿಳಿಯಬೇಕು. ಐ.ಬಿ.ಎಂ. ಸಂಸ್ಥೆಯು 1956ರಲ್ಲಿ ಹೊರತಂದ ರಾಮ್ಯಾಕ್ ಯಂತ್ರದಲ್ಲಿ ಮೊತ್ತಮೊದಲಿಗೆ ಹಾರ್ಡ್ ಡಿಸ್ಕು ಬಳಕೆಗೆ ಬಂದಿತು. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದುವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಅಂಗೈಯಗಲದ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಾಲು ಅಡಗುತ್ತದೆ. ಆದರೂ ಮೂಲತತ್ತ್ವ ಬದಲಾಗಿಲ್ಲ. ಕಾಂತೀಯ ಲೇಪನವುಳ್ಳ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸಲ ತಿರುಗುತ್ತವೆ; ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದಾದ ಅಂತರದಲ್ಲಿ ಓದುವ ಬರೆಯುವ ಮೊನೆಯು ತೇಲುತ್ತಿರುತ್ತದೆ. ಇಷ್ಟು ಸೂಕ್ಷ್ಮವಾದ ಯಂತ್ರವು ವರ್ಷಾನುಗಟ್ಟಲೆ ಕೆಡದೆ ನಡೆಯುವುದೇ ಆಶ್ಚರ್ಯ. ಈಚೆಗೆ ಬಳಕೆಗೆ ಬಂದಿರುವ ಎಸ್.ಎಸ್.ಡಿ. ಎಂಬ ಬಗೆಯಲ್ಲಿ ತಿರುಗುವ ತಟ್ಟೆಗಳಿಲ್ಲ. ಆದರೆ ಅದೂ ಅಮರವಲ್ಲ.

ಡಿಸ್ಕುಗಳು ಎಷ್ಟರಮಟ್ಟಿಗೆ ಕೆಡುತ್ತವೆಂಬುದನ್ನು ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಎಂಬ ಇಬ್ಬರು ವಿದ್ವಾಂಸರು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ತಯಾರಕರ ವಿವರಪತ್ರಗಳಂತೆ ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕೂ ಕೆಡಬಾರದಾಗಿತ್ತು. ಬಳಕೆಯಲ್ಲಿ ಕಂಡುಬಂದುದಾದರೋ ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ನಾಲ್ಕು ಡಿಸ್ಕುಗಳನ್ನು ವರ್ಷವರ್ಷವೂ ಬದಲಾಯಿಸಬೇಕಾಗುತ್ತಿದ್ದಿತು. ಅದೇ ವರ್ಷ ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಮಿಕ್ಕಿದ ಡಿಸ್ಕುಗಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ಮುನ್ಸೂಚನೆಗಳಲ್ಲಿ ಯಾವುದೊಂದನ್ನೂ ಕೊಡದೆಯೇ ಕೆಟ್ಟವೆಂದು ತಿಳಿಸಿದರು. ಆದಕಾರಣ “ಸದ್ದು ಬಂದಾಗ ನೋಡೋಣ” ಎಂದು ಕಾಯುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.

ಇನ್ನು ರೇಡ್ ಹುಟ್ಟಿದ ಬಗೆ. 1980ರ ದಶಕದಲ್ಲಿ ದೊಡ್ಡ ಸಂಸ್ಥೆಗಳ ಗಣಕಯಂತ್ರಗಳಿಗೆ ಬೀರುವಿನಷ್ಟು ದೊಡ್ಡದಾದ, ಬಹು ಬೆಲೆಯ ಡಿಸ್ಕುಗಳಿದ್ದುವು. ಅದೇ ಕಾಲದಲ್ಲಿ ಮೇಜಿನ ಮೇಲಿಡುವ ಗಣಕಯಂತ್ರಗಳಿಗಾಗಿ ಚಿಕ್ಕ, ಅಗ್ಗದ ಡಿಸ್ಕುಗಳೂ ಬಂದುವು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಎಂಬ ಮೂವರು, ದೊಡ್ಡ ಡಿಸ್ಕೊಂದರ ಬದಲಿಗೆ ಚಿಕ್ಕ ಡಿಸ್ಕುಗಳ ಸಮೂಹವನ್ನೇ ಏಕೆ ಬಳಸಬಾರದೆಂದು ಯೋಚಿಸಿ 1988ರಲ್ಲಿ ಒಂದು ಪ್ರಬಂಧವನ್ನು ಮಂಡಿಸಿದರು. ಮೇಲೆ ಹೇಳಿದ 2007ರ ಪರಿಶೀಲನೆಯ ಗಿಬ್ಸನ್ನರೂ ಇವರೇ. ಆಗ ಅವರಿಗೆ ಎದುರಾದ ತೊಡಕನ್ನು ವಾಚಕರು ಗಮನಿಸಬೇಕು. ಚಿಕ್ಕ ಡಿಸ್ಕೊಂದು ಸರಾಸರಿ 30,000 ಗಂಟೆ ಬಾಳುವುದಾದರೆ, ಅಂಥ ನೂರು ಡಿಸ್ಕುಗಳಲ್ಲಿ ಯಾವುದಾದರೊಂದು ಸರಾಸರಿ 300 ಗಂಟೆಗೊಮ್ಮೆ, ಎಂದರೆ ಎರಡು ವಾರಕ್ಕೆ ಮೊದಲೇ, ಕೆಡುತ್ತದೆ. ಕೂಡು ಕುಟುಂಬದಲ್ಲಿ ಜನ ಹೆಚ್ಚಿದಷ್ಟೂ ಯಾರಾದರೊಬ್ಬರಿಗೆ ಕಾಯಿಲೆಯಿರುವುದು ಸಹಜವಲ್ಲವೇ? ಒಬ್ಬರು ಮಲಗಿದಾಗ ಉಳಿದವರು ಅವರ ಕೆಲಸವನ್ನು ವಹಿಸಿಕೊಳ್ಳುವಂತೆ ಏರ್ಪಡಿಸುವುದೇ ಈ ತೊಡಕಿಗೆ ಅವರು ಕಂಡುಕೊಂಡ ಉತ್ತರ. ‘ರಿಡಂಡೆಂಟ್ ಅರೇ ಆಫ್ ಇನೆಕ್ಸ್‌ಪೆನ್ಸಿವ್ ಡಿಸ್ಕ್ಸ್’ ಎಂಬುದರ ಮೊದಲಕ್ಷರಗಳಿಂದ ‘ರೇಡ್’ ಎಂಬ ಹೆಸರಾಯಿತು. ಮಿಗಿಲಾಗಿ ಇರಿಸಿಕೊಂಡ, ಅಗ್ಗದ ಡಿಸ್ಕುಗಳ ಸಾಲು ಎಂಬುದು ಇದರ ತಾತ್ಪರ್ಯ. ಮುಂದೆ ‘ಅಗ್ಗದ’ ಎಂಬ ಪದವು ಹೋಗಿ ‘ಸ್ವತಂತ್ರ’ ಎಂಬರ್ಥದ ಇಂಗ್ಲಿಷ್ ಪದವು ಆ ಸ್ಥಾನಕ್ಕೆ ಬಂದಿತು.

ರೇಡಿನಲ್ಲಿ ಹಲವು ಪ್ರಭೇದಗಳುಂಟು. ಅವನ್ನು ಅಂಕಿಗಳಿಂದ ಗುರುತಿಸುತ್ತಾರೆ. ಒಂದೊಂದೂ 4 ಟೆರಾಬೈಟ್ ಹಿಡಿಯುವ ಡಿಸ್ಕುಗಳು ನಮ್ಮಲ್ಲಿವೆಯೆಂದು ಭಾವಿಸಿ ಮುಖ್ಯವಾದವನ್ನು ನೋಡೋಣ.

ಮೊದಲನೆಯದು ಸೊನ್ನೆಯ ರೇಡ್. ಇಲ್ಲಿ ಬರಹವನ್ನು ತುಂಡುತುಂಡಾಗಿ ಹಂಚಿ, ಒಂದು ತುಂಡನ್ನು ಒಂದು ಡಿಸ್ಕಿನಲ್ಲಿಯೂ ಮುಂದಿನದನ್ನು ಇನ್ನೊಂದರಲ್ಲಿಯೂ ಬರೆಯಲಾಗುತ್ತದೆ. ಇಬ್ಬರು ಲಿಪಿಕಾರರು ಒಂದೇ ಗ್ರಂಥದ ಗರಿಗಳನ್ನು ಹಂಚಿಕೊಂಡು ಬರೆದಂತೆ ಕೆಲಸ ಬೇಗನೆ ಸಾಗುತ್ತದೆ. ಎರಡು ಡಿಸ್ಕುಗಳ 8 ಟೆರಾಬೈಟ್ ಪೂರ್ತಿಯಾಗಿ ದೊರೆಯುತ್ತದೆ. ಆದರೆ ಒಂದು ಡಿಸ್ಕು ಸತ್ತರೆ ಗ್ರಂಥದ ಅರ್ಧ ಗರಿಗಳು ಹೋದಂತೆ, ಉಳಿದರ್ಧವೂ ನಿಷ್ಪ್ರಯೋಜಕ. ಒಂದು ಡಿಸ್ಕು ವರ್ಷಕ್ಕೆ ನೂರಕ್ಕೆ ಮೂರರ ಪ್ರಮಾಣದಲ್ಲಿ ಕೆಡುವುದೆಂದು ಹಿಡಿದರೆ, ಇಲ್ಲಿ ಸರ್ವನಾಶದ ಸಂಭವ ಹೆಚ್ಚುಕಡಮೆ ನೂರಕ್ಕೆ ಆರಾಗುತ್ತದೆ. ಹೆಸರಿನಲ್ಲಿ ರೇಡ್ ಎಂದಿದ್ದರೂ ರಕ್ಷಣೆಯ ಮಟ್ಟಿಗೆ ಇದು ನಿಜವಾಗಿಯೂ ಸೊನ್ನೆಯೇ.

ಎರಡನೆಯದು ಒಂದರ ರೇಡ್. ಇದಕ್ಕೆ ಕನ್ನಡಿಯ ಪದ್ಧತಿಯೆಂದು ಹೆಸರು. ಒಂದು ಡಿಸ್ಕಿನಲ್ಲಿ ಬರೆದುದೆಲ್ಲವೂ ಅದೇ ಕ್ಷಣದಲ್ಲಿ ಇನ್ನೊಂದರಲ್ಲಿಯೂ ಬರೆಯಲ್ಪಡುತ್ತದೆ. ಎರಡು ಡಿಸ್ಕುಗಳಿಗೆ ಹಣ ತೆತ್ತರೂ ದೊರೆಯುವ ಸ್ಥಳ 4 ಟೆರಾಬೈಟ್ ಮಾತ್ರ. ಒಂದು ಸತ್ತರೆ ಇನ್ನೊಂದರ ಬಲದಿಂದ ಕೆಲಸವು ನಿಲ್ಲದೆ ನಡೆಯುತ್ತದೆ. ಮನೆಯ ಮಟ್ಟಿಗೆ ಹೆಚ್ಚಾಗಿ ಯೋಚಿಸತಕ್ಕದ್ದು ಇದನ್ನೇ.

ಮೂರನೆಯದು ಐದರ ರೇಡ್. ಇದಕ್ಕೆ ಕನಿಷ್ಠ ಮೂರು ಡಿಸ್ಕುಗಳು ಬೇಕು. ಇದರ ಯುಕ್ತಿಯನ್ನು ಪ್ರಾಥಮಿಕ ಶಾಲೆಯ ಮಕ್ಕಳಿಗೂ ತಿಳಿಸಬಹುದು. ಒಂದು ಡಿಸ್ಕಿನಲ್ಲಿ 7, ಇನ್ನೊಂದರಲ್ಲಿ 5 ಎಂದು ಬರೆದಿದೆಯೆನ್ನೋಣ. ಮೂರನೆಯದರಲ್ಲಿ ಅವೆರಡರ ಮೊತ್ತವಾದ 12ನ್ನು ಬರೆದಿಡೋಣ. ಎರಡನೆಯ ಡಿಸ್ಕು ಕಳೆದುಹೋದರೆ 12ರಲ್ಲಿ 7ನ್ನು ಕಳೆದು, ಹೋದದ್ದು 5 ಎಂದು ಕಂಡುಹಿಡಿಯಬಹುದು. ಯಂತ್ರವು ಕೂಡುವ ಬದಲು ಸೊನ್ನೆ ಒಂದುಗಳನ್ನು ಹೋಲಿಸಿ, ಅಂಕಿಗಳು ಸಮವಾದರೆ ಸೊನ್ನೆಯನ್ನೂ ಬೇರೆಯಾದರೆ ಒಂದನ್ನೂ ಬರೆದಿಡುತ್ತದೆ, ತತ್ತ್ವವು ಇದೇ. ಮೊತ್ತದ ಭಾರವೆಲ್ಲ ಒಂದೇ ಡಿಸ್ಕಿನ ಮೇಲೆ ಬೀಳದಂತೆ ಅದನ್ನು ಎಲ್ಲ ಡಿಸ್ಕುಗಳಿಗೂ ಹಂಚುತ್ತದೆ. ಮೂರು ಡಿಸ್ಕುಗಳಲ್ಲಿ 8 ಟೆರಾಬೈಟ್ ದೊರೆಯುತ್ತದೆ; ಯಾವುದಾದರೂ ಒಂದು ಸತ್ತರೂ ಬರಹ ಉಳಿಯುತ್ತದೆ. ಆರರ ರೇಡಿನಲ್ಲಿ ಕನಿಷ್ಠ ನಾಲ್ಕು ಡಿಸ್ಕುಗಳು ಬೇಕು. ಅಲ್ಲಿ ಎರಡು ಸತ್ತರೂ ನಷ್ಟವಿಲ್ಲ. ಹತ್ತರ ರೇಡ್ ಎಂಬುದು ಕನ್ನಡಿಯನ್ನೂ ಹಂಚಿಕೆಯನ್ನೂ ಕೂಡಿಸಿದ ಮಿಶ್ರಪದ್ಧತಿ.

ಇಷ್ಟನ್ನು ಕೇಳಿದವರು, “ಹಾಗಾದರೆ ಒಂದರ ರೇಡನ್ನು ಹಾಕಿಸಿಕೊಂಡರೆ ನಮ್ಮ ಬರಹ ಸುರಕ್ಷಿತವಾಯಿತಲ್ಲ” ಎಂದುಕೊಳ್ಳುವುದು ಸ್ವಾಭಾವಿಕ. ನಾನೂ ಹಾಗೆಯೇ ತಿಳಿದು ಜೋಡಿ ಡಿಸ್ಕುಗಳನ್ನು ಹಾಕಿಸಿ ನಿಶ್ಚಿಂತನಾಗಿದ್ದೆ. ಮುಂದೆ ನಡೆದುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ.

ಪೂಜ್ಯರಾದ ನನ್ನ ವಿದ್ಯಾಗುರುಗಳು ತಮ್ಮ ಜೀವಮಾನದಲ್ಲಿ ಹಳಗನ್ನಡ ಶಬ್ದಗಳ ಚೀಟಿಗಳನ್ನು ಸಂಗ್ರಹಿಸಿದ್ದರು. ಅವರು ತೀರಿಕೊಂಡ ಮೇಲೆ ಆ ಚೀಟಿಗಳ ಪೆಟ್ಟಿಗೆ ನನ್ನ ಪಾಲಿಗೆ ಬಂದಿತು. ಅನೇಕ ಚೀಟಿಗಳು ಆಗಲೇ ಪುಡಿಯಾಗತೊಡಗಿದ್ದುವು. ಅವನ್ನು ಮೂರು ವರ್ಷ ಕುಳಿತು ಗಣಕಯಂತ್ರಕ್ಕೆ ಏರಿಸಿದೆ. ಒಂದು ಸಂಜೆ, ವಿದ್ಯಾರ್ಥಿಗಳಿಗೆ ಸುಲಭವಾಗಲೆಂದು, ಱಕಾರವಿದ್ದೆಡೆಯಲ್ಲೆಲ್ಲ ರಕಾರವನ್ನೂ ೞಕಾರವಿದ್ದೆಡೆಯಲ್ಲೆಲ್ಲ ಳಕಾರವನ್ನೂ ಹಾಕಿದ ಬೇರೊಂದು ಪ್ರತಿಯನ್ನು ಸಿದ್ಧಪಡಿಸಲು ಹೊರಟೆ. ಗಣಕಯಂತ್ರಕ್ಕೆ ಈ ಕೆಲಸ ಎರಡು ಕ್ಷಣದ್ದು. ಆದರೆ ಬೇರೆ ಪ್ರತಿಯನ್ನು ಮಾಡಿಕೊಳ್ಳದೆ, ಮೂಲ ಕಡತದಲ್ಲಿಯೇ ಬದಲಾವಣೆಯನ್ನು ಮಾಡಿ, ಉಳಿಸಿ, ಮುಚ್ಚಿಬಿಟ್ಟೆ. ಎರಡು ದಿನ ಕಳೆದು ಕಡತವನ್ನು ತೆರೆದಾಗ ಎದೆ ಧಸಕ್ಕೆಂದಿತು. ಕತ್ತಿಯೆಂಬರ್ಥದ ‘ಬಾಳ್’ ಮತ್ತು ಜೀವಿಸು ಎಂಬರ್ಥದ ‘ಬಾೞ್’ ಒಂದೇ ಆಗಿದ್ದುವು. ಶತ್ರುವೆಂಬರ್ಥದ ‘ಅರಿ’ಗೂ ತಿಳಿ ಎಂಬರ್ಥದ ‘ಅಱಿ’ಗೂ ಭೇದವೇ ಉಳಿದಿರಲಿಲ್ಲ. ಇದನ್ನು ಹಿಂದಕ್ಕೆ ತಿರುಗಿಸುವಂತೆಯೂ ಇಲ್ಲ. ಯಾವ ರಕಾರವು ಮೊದಲು ಱಕಾರವಾಗಿತ್ತೆಂಬುದು ಯಂತ್ರಕ್ಕೇನು ಗೊತ್ತು?

ಜೋಡಿ ಡಿಸ್ಕು ಇದೆಯಲ್ಲವೆಂದು ಶಿಷ್ಯನಿಗೆ ಹೇಳಿಕಳುಹಿಸಿದೆ. ಆತನು ಬಂದು ನೋಡಿ, “ಎರಡನೆಯದರಲ್ಲಿಯೂ ಹೀಗೆಯೇ ಇದೆ, ಗುರುಗಳೇ. ಕನ್ನಡಿ ಎಂದರೆ ಇದೇ, ಮುಖಕ್ಕೆ ಮಸಿ ಬಳಿದುಕೊಂಡರೆ ಅದು ಮಸಿಯನ್ನೇ ತೋರಿಸುತ್ತದೆ” ಎಂದನು. ಆ ಮಾತಿನ ಅರ್ಥ ನನಗೆ ಅಂದು ಪೂರ್ತಿಯಾಗಿ ಹೊಳೆಯಿತು. ನಾನು ತಪ್ಪು ಮಾಡಿದ ಕ್ಷಣದಲ್ಲಿಯೇ ಎರಡನೆಯ ಡಿಸ್ಕೂ ಆ ತಪ್ಪನ್ನು ನಿಷ್ಠೆಯಿಂದ ಬರೆದುಕೊಂಡಿತ್ತು.

ಕೊನೆಗೆ ನನ್ನ ಮಾನವನ್ನುಳಿಸಿದುದು ಅದಕ್ಕೆ ಎಂಟು ತಿಂಗಳ ಹಿಂದೆ, ಕರಡು ತಿದ್ದಲೆಂದು ಪರಸ್ಥಳದ ಮಿತ್ರರೊಬ್ಬರಿಗೆ ಪೆನ್ ಡ್ರೈವಿನಲ್ಲಿ ಕಳುಹಿಸಿದ್ದ ಪ್ರತಿ. ಅವರು ಅದನ್ನು ತಮ್ಮ ಮೇಜಿನ ಖಾನೆಯಲ್ಲಿಟ್ಟು ಮರೆತಿದ್ದರು. ಆ ಮರೆವೇ ನನಗೆ ವರವಾಯಿತು. ಎಂಟು ತಿಂಗಳ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಅಷ್ಟರಲ್ಲಿ ಕೆಲವು ಚೀಟಿಗಳು ಓದಲಾಗದಷ್ಟು ಜೀರ್ಣವಾಗಿದ್ದುವು, ಅವು ಹೋದುವು. ಆ ಚೀಟಿಗಳಲ್ಲಿದ್ದ ಗುರುಗಳ ಕೈಬರಹದ ವಿವರಗಳು ಇನ್ನು ಯಾರಿಗೂ ದೊರೆಯಲಾರವು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ಪಾಠ ಹೊಸದಾಗಬಾರದಿತ್ತು. ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳಿದ್ದರೂ ಆ ಮಾತೃಕೆಯ ತಪ್ಪು ಹತ್ತರಲ್ಲಿಯೂ ಇರುತ್ತದೆ. ತಪ್ಪನ್ನು ಹಿಡಿಯಲು ಬೇರೆ ಊರಿನ, ಬೇರೆ ಕಾಲದ, ಬೇರೆ ಕೈಯ ಪ್ರತಿ ಬೇಕು. ಪ್ರತಿಗಳ ಸಂಖ್ಯೆಗಿಂತ ಅವುಗಳ ಸ್ವಾತಂತ್ರ್ಯ ಮುಖ್ಯ. ಕನ್ನಡಿಯ ಎರಡು ಡಿಸ್ಕುಗಳಾದರೋ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಒಂದೇ ತಂತಿಯ ವಿದ್ಯುತ್ತನ್ನು ಸೇವಿಸುತ್ತವೆ. ಬಹುಮಟ್ಟಿಗೆ ಒಂದೇ ದಿನ ಕೊಂಡವಾಗಿರುತ್ತವೆ. ಸಿಡಿಲು ಬಡಿದು ವಿದ್ಯುತ್ತು ಏರುಪೇರಾದರೆ, ಕಳ್ಳನು ಪೆಟ್ಟಿಗೆಯನ್ನೇ ಹೊತ್ತೊಯ್ದರೆ, ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಎಂಬ ದುಷ್ಟ ತಂತ್ರಾಂಶವು ಒಳಹೊಕ್ಕರೂ ಅಷ್ಟೇ. ರೇಡ್ ರಕ್ಷಿಸುವುದು ಡಿಸ್ಕಿನ ಮರಣವೊಂದರಿಂದ ಮಾತ್ರ. ಆದ್ದರಿಂದಲೇ “ರೇಡ್ ಎಂಬುದು ಬ್ಯಾಕಪ್ ಅಲ್ಲ” ಎಂಬ ಮಾತು ಈ ವೃತ್ತಿಯವರಲ್ಲಿ ಗಾದೆಯಂತೆ ಬಳಕೆಯಲ್ಲಿದೆ.

ಹಾಗೆಂದು ರೇಡನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮುಂದಿನ ವರ್ಷ ನನ್ನ ಜೋಡಿಯಲ್ಲಿ ಒಂದು ಡಿಸ್ಕು ನಿಜವಾಗಿಯೇ ಸತ್ತಿತು. ತೆರೆಯ ಮೇಲೆ ಎಚ್ಚರಿಕೆಯೊಂದು ಕಾಣಿಸಿತೇ ಹೊರತು ಅಂದಿನ ಬರವಣಿಗೆ ಅರ್ಧಗಳಿಗೆಯೂ ನಿಲ್ಲಲಿಲ್ಲ. ಹೊಸ ಡಿಸ್ಕನ್ನು ತಂದು ಹಾಕಿದ ಮೇಲೆ ಯಂತ್ರವೇ ಅದನ್ನು ತುಂಬಿಕೊಂಡಿತು. ರೇಡಿನ ನಿಜವಾದ ಗುಣ ಇದು: ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ಹೊಸ ಡಿಸ್ಕು ತುಂಬಲು ಹಿಡಿಯುವ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕ್ಷಣಕ್ಕೆ 150 ಮೆಗಾಬೈಟಿನ ವೇಗದಲ್ಲಿ 4 ಟೆರಾಬೈಟ್ ತುಂಬಲು ಸುಮಾರು ಏಳೂವರೆ ಗಂಟೆ ಬೇಕು. 8 ಟೆರಾಬೈಟಿಗೆ ಹದಿನೈದು ಗಂಟೆ. ಅಷ್ಟು ಹೊತ್ತೂ ಉಳಿದ ಡಿಸ್ಕು ದುಡಿಯುತ್ತಲೇ ಇರಬೇಕು. ಐದರ ರೇಡಿನಲ್ಲಿ ಉಳಿದ ಡಿಸ್ಕುಗಳನ್ನೆಲ್ಲ ಆದ್ಯಂತವಾಗಿ ಓದಬೇಕಾಗುವುದರಿಂದ, ಆ ಹೊತ್ತಿನಲ್ಲಿ ಎರಡನೆಯದೊಂದು ಕೈಕೊಟ್ಟರೆ ಎಲ್ಲವೂ ಹೋದಂತೆಯೇ. ಈಗಿನ ದೊಡ್ಡ ಡಿಸ್ಕುಗಳಿಗೆ ಐದರ ಬದಲು ಆರರ ರೇಡನ್ನು ಹಲವರು ಮೆಚ್ಚುವುದು ಈ ಕಾರಣದಿಂದ.

ವೇಗಕ್ಕಾಗಿ ರೇಡ್ ಬೇಕೆನ್ನುವವರೂ ಇದ್ದಾರೆ. ತಿರುಗುವ ಡಿಸ್ಕುಗಳ ಕಾಲದಲ್ಲಿ ಈ ಮಾತಿಗೆ ಬೆಲೆಯಿತ್ತು. ಇಂದು ಎನ್.ವಿ.ಎಂ.ಇ. ಬಗೆಯ ಎಸ್.ಎಸ್.ಡಿ.ಯೊಂದೇ ಕ್ಷಣಕ್ಕೆ ಸಾವಿರಾರು ಮೆಗಾಬೈಟುಗಳನ್ನು ಓದಬಲ್ಲುದು. ಮನೆಯ ಕೆಲಸಕ್ಕೆ ಅದಕ್ಕಿಂತ ಹೆಚ್ಚಿನ ವೇಗದಿಂದ ಆಗಬೇಕಾದುದೇನೂ ಇಲ್ಲ.

ಹಾಗಾದರೆ ಮನೆಯವರು ಹೇಗೆ ನಿರ್ಧರಿಸಬೇಕು? ನನ್ನ ಅಭಿಪ್ರಾಯದಲ್ಲಿ ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲಿಯೇ ಕೇಳಿಕೊಳ್ಳಬೇಕು. ನನ್ನ ಬರಹದ ಇನ್ನೊಂದು ಪ್ರತಿ ಈ ಪೆಟ್ಟಿಗೆಯ ಹೊರಗೆ ಇದೆಯೇ? ಇಲ್ಲವಾದರೆ ರೇಡಿನ ಮಾತನ್ನೇ ಎತ್ತಬಾರದು. ಎರಡನೆಯ ಡಿಸ್ಕಿಗೆ ಕೊಡುವ ಹಣದಲ್ಲಿ ಹೊರಗಿನಿಂದ ಜೋಡಿಸುವ ಡಿಸ್ಕೊಂದನ್ನು ಕೊಂಡು, ಪ್ರತಿಮಾಡಿ, ಬಿಚ್ಚಿ ಬೇರೆಡೆ ಇಡಬೇಕು. ಗಣಕಯಂತ್ರ ಒಂದೆರಡು ದಿನ ನಿಂತರೆ ನನಗೆ ತಾಳಲಾಗದ ನಷ್ಟವುಂಟೇ? ಮನೆಯಲ್ಲಿಯೇ ಛಾಯಾಚಿತ್ರದ ವೃತ್ತಿಯನ್ನೋ ಲೆಕ್ಕಪರಿಶೋಧನೆಯನ್ನೋ ನಡೆಸುವವರಿಗೆ ಉಂಟು. ಅವರಿಗೆ ಒಂದರ ರೇಡ್ ಯೋಗ್ಯ. ಪತ್ರ ಬರೆಯುವ, ಮೊಮ್ಮಕ್ಕಳ ಚಿತ್ರ ನೋಡುವ ನಮ್ಮಂಥವರಿಗೆ ಇಲ್ಲ. ಕಡೆಯದಾಗಿ, ಡಿಸ್ಕು ಕೆಟ್ಟ ಎಚ್ಚರಿಕೆಯನ್ನು ಗಮನಿಸಿ ಬದಲಾಯಿಸಬಲ್ಲವರು ಮನೆಯಲ್ಲಿದ್ದಾರೆಯೇ? ಒಂದು ಡಿಸ್ಕು ಸತ್ತುದನ್ನು ತಿಂಗಳುಗಟ್ಟಲೆ ಯಾರೂ ಗಮನಿಸದಿದ್ದರೆ ಜೋಡಿಯೆಂಬುದು ಹೆಸರಿಗೆ ಮಾತ್ರ. ಕೆಲವು ಗಣಕಯಂತ್ರಗಳ ಮುಖ್ಯಫಲಕದಲ್ಲಿಯೇ ಅಡಕವಾಗಿರುವ ರೇಡ್ ವ್ಯವಸ್ಥೆಯು, ಆ ಫಲಕವು ಕೆಟ್ಟು ಬೇರೆ ಬಗೆಯದನ್ನು ಹಾಕಿದಾಗ ಹಳೆಯ ಡಿಸ್ಕುಗಳನ್ನು ಗುರುತಿಸದೆ ಹೋಗಬಹುದೆಂಬುದನ್ನೂ ನೆನಪಿನಲ್ಲಿಡಬೇಕು.

ಪ್ರತಿಗಳ ವಿಷಯದಲ್ಲಿ ಪೀಟರ್ ಕ್ರೋಗ್ ಎಂಬ ಛಾಯಾಚಿತ್ರಕಾರರು ಪ್ರಚುರಪಡಿಸಿದ ಮೂರು–ಎರಡು–ಒಂದು ಎಂಬ ಸೂತ್ರವು ನೆನಪಿಡಲು ಸುಲಭ. ಬರಹದ ಪ್ರತಿಗಳು ಮೂರಿರಲಿ. ಅವು ಎರಡು ಬೇರೆ ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಮನೆಯ ಹೊರಗಿರಲಿ. ಹೊರಗಿನ ಪ್ರತಿ ಅಂತರಜಾಲದ ಉಗ್ರಾಣದಲ್ಲಿರಬಹುದು, ಅಥವಾ ತಂಗಿಯ ಮನೆಯ ಬೀರುವಿನಲ್ಲಿರಬಹುದು. ಇದಕ್ಕೆ ನನ್ನ ಅನುಭವದಿಂದ ಎರಡು ಮಾತುಗಳನ್ನು ಸೇರಿಸುತ್ತೇನೆ. ಹೊಸ ಪ್ರತಿಯನ್ನು ಹಳೆಯದರ ಮೇಲೆಯೇ ಬರೆಯದೆ, ದಿನಾಂಕ ಹಾಕಿ ಹಳೆಯ ಕೆಲವನ್ನು ಉಳಿಸಿಕೊಳ್ಳಬೇಕು. ತಪ್ಪು ತಿಳಿಯುವುದು ಎರಡು ದಿನಕ್ಕೋ ಎರಡು ತಿಂಗಳಿಗೋ ಯಾರು ಬಲ್ಲರು? ಮತ್ತು ವರ್ಷಕ್ಕೊಮ್ಮೆಯಾದರೂ ಪ್ರತಿಯನ್ನು ತೆರೆದು ಓದಿ ನೋಡಬೇಕು. ತೆರೆದು ನೋಡದ ಪ್ರತಿಯು ಬೀಗದ ಕೈ ಕಳೆದ ತಿಜೋರಿಯಂತೆ.

ಗುರುಗಳ ಶಬ್ದಸಂಗ್ರಹವು ಈಗ ನನ್ನ ಗಣಕಯಂತ್ರದಲ್ಲಿದೆ, ಹೊರಗಿನ ಡಿಸ್ಕಿನಲ್ಲಿದೆ, ಅಂತರಜಾಲದ ಉಗ್ರಾಣದಲ್ಲಿದೆ. ತಿಂಗಳಿಗೊಂದು ಪ್ರತಿ ಆ ಪರಸ್ಥಳದ ಮಿತ್ರರ ಮೇಜಿನ ಖಾನೆಗೂ ಹೋಗುತ್ತದೆ. ಜೋಡಿ ಡಿಸ್ಕುಗಳೂ ಇವೆ. ಆದರೆ ಅವುಗಳನ್ನು ನಂಬಿ ಈಗ ನಾನು ನಿದ್ರೆ ಮಾಡುವುದಿಲ್ಲ. ವಾಚಕ ಮಹಾಶಯರು ಈ ಲೇಖನವನ್ನು ಓದಿ ಮುಗಿಸಿದ ದಿನವೇ, ತಮಗೆ ಅತಿ ಪ್ರಿಯವಾದ ಒಂದು ಕಡತದ ಪ್ರತಿಯನ್ನು ಮಾಡಿ ಮನೆಯ ಹೊರಗೆ ಇರಿಸಿದರೆ ನನ್ನ ಶ್ರಮ ಸಾರ್ಥಕವಾಯಿತೆಂದು ಭಾವಿಸುತ್ತೇನೆ.